ಬಿಸಿಲಿಗೆ ಸುಟ್ಟ ಚರ್ಮಕ್ಕೆ ಲಿಂಬೆರಸ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಬೇಸಿಗೆಯ ಮನೆಮದ್ದುಗಳ ಪಟ್ಟಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೆ ಕಪ್ಪಾದ ಮುಖಕ್ಕೆ ಲಿಂಬೆರಸ ಮತ್ತು ಸಕ್ಕರೆ, ಉರಿಯುವ ತೋಳಿಗೆ ಕಡಲೆಹಿಟ್ಟು ಮತ್ತು ಅರಿಸಿನ, ಕೆಂಪಾದ ಕತ್ತಿಗೆ ಟೊಮೆಟೊ ಹೋಳು, ಇವುಗಳ ನಡುವೆಯೇ ಲೋಳೆಸರ, ಮೊಸರು, ಸೌತೆಕಾಯಿ. ಹಚ್ಚಿದರೆ ಹಿತವಾಗುವುದು ಯಾವುದು, ಹಾನಿಯಾಗುವುದು ಯಾವುದು ಎಂಬ ಭೇದವಿಲ್ಲದೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ರಾಯಚೂರು ಜಿಲ್ಲೆಯ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿರುವ ನನಗೆ ಈ ಪಟ್ಟಿಗಳನ್ನು ಓದಿದಾಗಲೆಲ್ಲ ಕಳವಳವಾಗುತ್ತದೆ. ಇಂಥವುಗಳಲ್ಲಿ ಕೆಲವನ್ನು ನಂಬಿ ಹಚ್ಚಿಕೊಂಡು, ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಕೇಂದ್ರಕ್ಕೆ ಬಂದವರ ಗಾಯಗಳನ್ನು ನಾನು ತೊಳೆದಿದ್ದೇನೆ. ಮನೆಮದ್ದಿನ ಬಗ್ಗೆ ನನಗೆ ಗೌರವವಿದೆ. ನಮ್ಮ ಭಾಗದಲ್ಲಿ ಹತ್ತಿರದ ವೈದ್ಯರನ್ನು ಕಾಣಲು ಬಸ್ಸಿಗೆ ಕಾಯಬೇಕಾದ ಊರುಗಳು ಇನ್ನೂ ಇರುವಾಗ ಅದರ ಅಗತ್ಯವೂ ಇದೆ. ಆದ್ದರಿಂದಲೇ ಅದನ್ನು ಜನರಿಗೆ ಸರಿಯಾಗಿ ತಿಳಿಸಬೇಕೆಂಬ ಕಳಕಳಿಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಬಿಸಿಲಿಗೆ ಚರ್ಮ ಸುಡುವುದು ಮತ್ತು ಬಿಸಿಲಿಗೆ ಮೈ ಕಪ್ಪಾಗುವುದು ಬೇರೆ ಬೇರೆ ಎಂಬುದನ್ನು ಹೇಳಬೇಕು. ಕಪ್ಪಾಗುವುದೆಂದರೆ ಚರ್ಮವು ತನ್ನನ್ನು ಕಾಪಾಡಿಕೊಳ್ಳಲು ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚು ತಯಾರಿಸಿಕೊಂಡಿದೆ ಎಂದರ್ಥ. ಸುಡುವುದೆಂದರೆ ಸೂರ್ಯನ ನೇರಳಾತೀತ ಕಿರಣಗಳಿಂದ ಚರ್ಮದ ಜೀವಕೋಶಗಳಿಗೆ ಪೆಟ್ಟು ಬಿದ್ದು ಉರಿಯೂತ ಉಂಟಾಗಿದೆ ಎಂದರ್ಥ, ಅದು ನಿಜವಾದ ಸುಟ್ಟಗಾಯ. ಒಲೆಯ ಬೆಂಕಿಗೆ ಕೈ ಸುಟ್ಟುಕೊಂಡವರ ಗಾಯದ ಮೇಲೆ ನಾವು ಲಿಂಬೆರಸ ಮತ್ತು ಸಕ್ಕರೆಯನ್ನು ಉಜ್ಜುವುದಿಲ್ಲ. ಆದರೆ ಪುರವಣಿಗಳ ಸೌಂದರ್ಯ ಪುಟಗಳಲ್ಲಿ ಬಣ್ಣ ತಿಳಿಯಾಗಿಸುವ ಲೇಪಗಳೂ ಗಾಯ ತಣಿಸುವ ಉಪಾಯಗಳೂ ಬೆರೆತುಹೋಗಿರುವುದರಿಂದ ಓದುಗರು, ಅದರಲ್ಲಿಯೂ ಹದಿಹರೆಯದ ಹುಡುಗಿಯರು, ಸುಟ್ಟ ಚರ್ಮದ ಮೇಲೆಯೇ ಇವುಗಳನ್ನು ತಿಕ್ಕಿಕೊಳ್ಳುತ್ತಾರೆ.

ಸುಟ್ಟಿದ್ದು ಆ ಗಳಿಗೆಯಲ್ಲಿ ತಿಳಿಯುವುದಿಲ್ಲ ಎಂಬುದು ಇದರಲ್ಲಿರುವ ದೊಡ್ಡ ತೊಡಕು. ಬಿಸಿಲಿನಲ್ಲಿದ್ದ ಕೆಲವು ಗಂಟೆಗಳ ನಂತರ ಉರಿ ಮತ್ತು ಕೆಂಪು ಕಾಣಿಸಿಕೊಳ್ಳುತ್ತವೆ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳ ಹೊತ್ತಿಗೆ ಅವು ತೀವ್ರವಾಗುತ್ತವೆ, ಮೂರು ದಿನಗಳಲ್ಲಿ ಇಳಿಯತೊಡಗುತ್ತವೆ, ವಾರದ ಹೊತ್ತಿಗೆ ಸಿಪ್ಪೆ ಏಳುತ್ತದೆ. ಹೊಲದಿಂದ ಮರಳಿ, ಉಂಡು ಮಲಗಿದ ಮೇಲೆ ಹೆಗಲಿಗೆ ಹಾಸಿಗೆ ತಾಗಿದರೆ ಚುರುಗುಟ್ಟುವಾಗ ಜನರಿಗೆ ಮಧ್ಯಾಹ್ನದ ಬಿಸಿಲು ನೆನಪಾಗುವುದೇ ಇಲ್ಲ. ಮೈಯಲ್ಲಿ ಉಷ್ಣವಾಗಿದೆ ಎಂದುಕೊಂಡು ಸುಮ್ಮನಾಗುತ್ತಾರೆ. ಕಪ್ಪು ಮೈಬಣ್ಣದವರಿಗೆ ಬಿಸಿಲು ಸುಡುವುದಿಲ್ಲ ಎಂಬ ನಂಬಿಕೆಯೂ ಇದಕ್ಕೆ ಜೊತೆಯಾಗುತ್ತದೆ. ಮೆಲನಿನ್ ರಕ್ಷಣೆ ಕೊಡುತ್ತದೆ ಎಂಬುದು ನಿಜ, ಆದರೆ ಆ ರಕ್ಷಣೆಗೆ ಮಿತಿಯಿದೆ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಅಷ್ಟೆ. ಅಂಗೈ ಮೇಲಿಟ್ಟರೆ ಬಿಸಿ ತಾಗುವುದು, ಚರ್ಮ ಬಿಗಿದಂತಾಗುವುದು, ಮುಟ್ಟಿದರೆ ನೋಯುವುದು, ಇವೇ ಅಲ್ಲಿ ನೋಡಬೇಕಾದ ಗುರುತುಗಳು.

ಬಿಸಿಲಿನ ತಾಪವೂ ನೇರಳಾತೀತ ಕಿರಣವೂ ಒಂದೇ ಎಂದು ತಿಳಿಯುವುದರಿಂದ ಆಗುವ ಹಾನಿ ನಮ್ಮ ಕಲಬುರಗಿ ವಿಭಾಗದಲ್ಲಿ ಕಣ್ಣಿಗೆ ಕಾಣುವಂತಿದೆ. ಅನೇಕ ವರ್ಷಗಳಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಕ್ರಮವಿದೆ. ಹಗಲಿನ ಉಷ್ಣಾಂಶ ಏರುತ್ತ ಹೋಗಿ ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ ತುದಿಮುಟ್ಟುವುದರಿಂದ ಈ ವ್ಯವಸ್ಥೆಯು ತಾಪದಿಂದ ಜನರನ್ನು ಉಳಿಸುತ್ತದೆ. ಆದರೆ ಕಿರಣಗಳ ತೀವ್ರತೆಗೂ ಥರ್ಮಾಮೀಟರಿಗೂ ಸಂಬಂಧವಿಲ್ಲ. ಸೂರ್ಯನು ಎಷ್ಟು ನೆತ್ತಿಯ ಮೇಲಿದ್ದಾನೆ ಎಂಬುದನ್ನು ಅದು ಅವಲಂಬಿಸಿದೆ, ಮತ್ತು ನಮ್ಮ ಭಾಗದಲ್ಲಿ ಸೂರ್ಯನು ಅತ್ಯಂತ ಮೇಲಿರುವುದು ಗಡಿಯಾರದಲ್ಲಿ ಸುಮಾರು 12.20ಕ್ಕೆ. ರಾಯಚೂರಿನಲ್ಲಿ ಮೇ ಮೊದಲ ವಾರದಲ್ಲಿ, ಕಲಬುರಗಿಯಲ್ಲಿ ಎರಡನೆಯ ವಾರದ ಹೊತ್ತಿಗೆ, ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟ ಕಂಬದ ನೆರಳೇ ಇಲ್ಲವಾಗುವ ದಿನಗಳಿವೆ. ಹಾಗಾಗಿ ಕಚೇರಿ ಬಿಟ್ಟು 1.30ಕ್ಕೆ ಬೈಕ್ ಹತ್ತುವ ನೌಕರನು ಕಡುತಾಪವನ್ನು ತಪ್ಪಿಸಿಕೊಂಡರೂ ಕಡುಕಿರಣಗಳ ನಡುವೆಯೇ ಮನೆಗೆ ಹೋಗುತ್ತಾನೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಮೈ ಮುಚ್ಚಿಕೊಂಡಿರಬೇಕು ಎಂದು ತಿಳಿಸುವುದಕ್ಕಿಂತ ಸುಲಭವಾದ ಅಳತೆಯೊಂದನ್ನು ನಾನು ಹಳ್ಳಿಗಳಲ್ಲಿ ಹೇಳುತ್ತಿದ್ದೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಚರ್ಮವನ್ನು ಸುಡುವಷ್ಟು ಜೋರಾಗಿದೆ. ಗಡಿಯಾರವಿಲ್ಲದೆ ಹೊಲದಲ್ಲಿರುವವರಿಗೂ ಈ ಅಳತೆ ಕೈಗೆಟುಕುತ್ತದೆ.

ತಂಪು ಹವೆಯ ಊರಿನವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು. ತೆಳುಮೋಡದ ದಿನವೂ ನೇರಳಾತೀತ ಕಿರಣಗಳಲ್ಲಿ ಶೇ 80ರವರೆಗೆ ನೆಲ ತಲುಪಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಕಿರಣಗಳ ತೀವ್ರತೆ ಶೇ 10ರಷ್ಟು ಹೆಚ್ಚುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ತಣ್ಣನೆಯ ಗಾಳಿಗೆ ಮೈಯೊಡ್ಡಿ ನಿಂತವರಿಗೆ ಮೂಗು, ಕಿವಿಗಳು ಸುಟ್ಟಿದ್ದು ಮನೆಗೆ ಮರಳಿದ ಮೇಲೆ ಗೊತ್ತಾಗುತ್ತದೆ. ಕರಾವಳಿಯ ಮರಳು ಸುಮಾರು ಶೇ 15ರಷ್ಟು ಕಿರಣಗಳನ್ನು ಮತ್ತೆ ಮೈಮೇಲೆ ಎಸೆಯುತ್ತದೆ. ಬೇಸಿಗೆ ರಜೆಯಲ್ಲಿ ಕೆರೆ, ಹೊಳೆಗಳಲ್ಲಿ ಈಜುವ ಮಕ್ಕಳ ತಾಯಂದಿರು, ನೀರೊಳಗಿದ್ದರೆ ಬಿಸಿಲು ತಾಗದು ಎಂದು ನಂಬಿರುತ್ತಾರೆ. ಅರ್ಧ ಮೀಟರ್ ಆಳದಲ್ಲಿಯೂ ಮೇಲ್ಮೈಯ ಶೇ 40ರಷ್ಟು ಕಿರಣಗಳು ಇರುತ್ತವೆ.

ತಡೆಗಟ್ಟುವ ವಿಷಯದಲ್ಲಿ ನಮ್ಮ ಜನರಿಗೆ ಹೊಸದಾಗಿ ಕಲಿಸಬೇಕಾದುದು ಕಡಿಮೆ, ಅವರಿಂದ ಕಲಿಯಬೇಕಾದುದೇ ಹೆಚ್ಚು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ನಮ್ಮ ಭಾಗದ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಹಳೆಯ ಅಂಗಿಯೊಂದನ್ನು ತೊಟ್ಟು, ಮುಂಗೈ ಗುಂಡಿ ಹಾಕಿ, ತಲೆಯ ಮೇಲೆ ಸೆರಗು ಹೊದ್ದು ಅದರ ಮೇಲೆ ಟವೆಲ್ ಸುತ್ತಿ, ಅದರ ಅಂಚನ್ನು ಕಿವಿ ಮತ್ತು ಕತ್ತಿನ ಹಿಂಭಾಗ ಮುಚ್ಚುವಂತೆ ಇಳಿಬಿಡುತ್ತಾರೆ. ಬಿಸಿಲಿನಿಂದ ರಕ್ಷಣೆಗೆ ಇದಕ್ಕಿಂತ ಉತ್ತಮವಾದ ಉಡುಪನ್ನು ಯಾವ ಕಂಪನಿಯೂ ಈ ಬೆಲೆಗೆ ಕೊಡಲಾರದು. ಹಿರಿಯರ ರುಮಾಲು, ತುಳುನಾಡಿನ ಅಡಿಕೆ ಹಾಳೆಯ ಮುಟ್ಟಾಳೆ, ಇವೂ ಇದೇ ಅರಿವಿನಿಂದ ಬಂದವು. ಮುಟ್ಟಾಳೆ ನೆತ್ತಿಯನ್ನಷ್ಟೇ ಕಾಯುವುದರಿಂದ ಅದರ ಕೆಳಗೆ ಕತ್ತಿಗೊಂದು ಬಟ್ಟೆ ಬೇಕು. ಬಟ್ಟೆಯ ಆಯ್ಕೆಯಲ್ಲಿ ಒಂದು ಎಚ್ಚರವಿರಲಿ: ಬೆಳಕಿಗೆ ಹಿಡಿದಾಗ ಆಚೆಯದು ಕಾಣುವಷ್ಟು ತೆಳುವಾದ, ಅದರಲ್ಲಿಯೂ ಬೆವರಿಗೆ ಒದ್ದೆಯಾದ ಬಿಳಿ ಬಟ್ಟೆಯು ಕಿರಣಗಳನ್ನು ಬಹಳಷ್ಟು ಒಳಗೆ ಬಿಡುತ್ತದೆ. ಒತ್ತಾಗಿ ನೇಯ್ದ, ತುಸು ಗಾಢ ಬಣ್ಣದ, ಸಡಿಲವಾದ ಹತ್ತಿ ಬಟ್ಟೆ ಮೇಲು. ಬಸ್ಸು, ಲಾರಿ ಓಡಿಸುವವರು ಕಿಟಕಿಯ ಕಡೆಯ ಬಲತೋಳು ಎಡತೋಳಿಗಿಂತ ಎಷ್ಟು ಕಪ್ಪಾಗಿದೆ ಎಂದು ಒಮ್ಮೆ ನೋಡಿಕೊಂಡರೆ, ತುಂಬುತೋಳಿನ ಅಂಗಿಯ ಬೆಲೆ ಅವರಿಗೇ ಮನವರಿಕೆಯಾಗುತ್ತದೆ.

ಸನ್‌ಸ್ಕ್ರೀನ್ ಕುರಿತು ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಅದು ಕೆಲಸ ಮಾಡುತ್ತದೆ. ಎಸ್‌ಪಿಎಫ್ (ಬಿಸಿಲಿನಿಂದ ಕೊಡುವ ರಕ್ಷಣೆಯ ಅಳತೆ) 30 ಎಂದು ಬರೆದಿರುವ ಕ್ರೀಮನ್ನು ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಚರ್ಮ ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ. ಆದರೆ ಆ ಪ್ರಮಾಣವೆಂದರೆ ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್, ಮತ್ತು ಬಿಸಿಲಿನಲ್ಲಿರುವವರೆಗೆ ಎರಡು ಗಂಟೆಗೊಮ್ಮೆ, ಬೆವರು ಸುರಿದರೆ ಅದಕ್ಕೂ ಮೊದಲೇ, ಮತ್ತೆ ಹಚ್ಚಬೇಕು. ಅಂಗಡಿಯಲ್ಲಿ ಸಿಗುವ 50 ಗ್ರಾಂ ಟ್ಯೂಬು ಆ ಲೆಕ್ಕದಲ್ಲಿ ಎರಡು ಸಲಕ್ಕೂ ಸಾಲದು. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಇದನ್ನು ಸಲಹೆ ಮಾಡುವುದು ಸಲಹೆಯೇ ಅಲ್ಲ. ಬಟ್ಟೆಯಿಂದ ಮುಚ್ಚಲಾಗದ ಮುಖ, ಕಿವಿ, ಕತ್ತು, ಮುಂಗೈಗಳಿಗಷ್ಟೇ ಸನ್‌ಸ್ಕ್ರೀನ್ ಬಳಸುವುದು ಕಾರ್ಯಸಾಧ್ಯ. ಮುಖ ಮತ್ತು ಕತ್ತಿಗೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಗಳಷ್ಟು ಕ್ರೀಮು ಬೇಕು, ಹೊರಡುವುದಕ್ಕೆ ಕಾಲು ಗಂಟೆ ಮೊದಲೇ ಹಚ್ಚಬೇಕು. ಕೊಬ್ಬರಿ ಎಣ್ಣೆಯೇ ಸನ್‌ಸ್ಕ್ರೀನ್ ಎಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳನ್ನು ನಂಬಿ ನಡುಮಧ್ಯಾಹ್ನ ಬಿಸಿಲಿಗಿಳಿಯಬೇಡಿ. ನಂಬಿ ನಿಲ್ಲುವಷ್ಟು ರಕ್ಷಣೆ ಅದರಲ್ಲಿಲ್ಲ.

ಇಷ್ಟಾಗಿಯೂ ಚರ್ಮ ಸುಟ್ಟಿತೆಂದಿಟ್ಟುಕೊಳ್ಳಿ. ಮನೆಯಲ್ಲಿರುವ ಮದ್ದುಗಳಲ್ಲಿ ಮೊದಲನೆಯದು ಮತ್ತು ಎಲ್ಲಕ್ಕಿಂತ ಉತ್ತಮವಾದುದು ತಣ್ಣೀರು. ಆದರೆ ನಮ್ಮ ಕಡೆ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ ಬರುವುದು ಸ್ನಾನಕ್ಕೆ ಕಾಯಿಸಿದಂಥ ಬಿಸಿನೀರು, ಅದನ್ನು ಸುಟ್ಟ ಮೈಮೇಲೆ ಸುರಿದುಕೊಂಡು ಇನ್ನಷ್ಟು ನರಳುವವರಿದ್ದಾರೆ. ಮಣ್ಣಿನ ಗಡಿಗೆ ಅಥವಾ ಹರವಿಯ ನೀರನ್ನು ತೆಗೆದುಕೊಳ್ಳಿ. ಬಹಳ ಸಲ ಒಗೆದು ಮೆತ್ತಗಾದ ಧೋತರದ ತುಂಡೊಂದನ್ನು ಅದರಲ್ಲಿ ಅದ್ದಿ, ಹಗುರವಾಗಿ ಹಿಂಡಿ, ಸುಟ್ಟ ಜಾಗದ ಮೇಲೆ ಹಾಸಿ. ಉಜ್ಜಬೇಡಿ, ಒತ್ತಬೇಡಿ. ಬಟ್ಟೆ ಬೆಚ್ಚಗಾದೊಡನೆ ಮತ್ತೆ ಅದ್ದಿ ಹಾಸಿ, ಹೀಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಟ್ಟೆಯಿಂದ ನೀರು ಆವಿಯಾಗುತ್ತ ಚರ್ಮದ ಬಿಸಿಯನ್ನು ಎಳೆದುಕೊಳ್ಳುತ್ತದೆ, ಉರಿ ಇಳಿಯುತ್ತದೆ. ಫ್ರಿಜ್ಜಿನ ಐಸನ್ನು ನೇರವಾಗಿ ಇಡಬಾರದು. ಸುಟ್ಟು ಸೂಕ್ಷ್ಮವಾದ ಚರ್ಮಕ್ಕೆ ಅದು ಶೀತದಿಂದ ಇನ್ನೊಂದು ಗಾಯವನ್ನು ಮಾಡಬಲ್ಲದು. ಆ ಒಂದೆರಡು ದಿನ ಸಾಬೂನು, ಬಿಸಿನೀರಿನ ಸ್ನಾನ, ಒರಟು ಟವೆಲ್, ಮೈಗೆ ಅಂಟುವ ಬಟ್ಟೆಗಳನ್ನು ದೂರವಿಡಬೇಕು. ಸುಟ್ಟ ಚರ್ಮದಿಂದ ನೀರಿನಂಶ ಹೆಚ್ಚು ಹೊರಹೋಗುವುದರಿಂದ ಮಜ್ಜಿಗೆ, ಎಳನೀರು, ತೆಳುವಾದ ಅಂಬಲಿ, ಪಾನಕಗಳನ್ನು ಮಾಮೂಲಿಗಿಂತ ಹೆಚ್ಚಾಗಿ ಕುಡಿಯಬೇಕು. ಲಿಂಬೆಯನ್ನು ಬಳಸುವುದಿದ್ದರೆ ಅದು ಶರಬತ್ತಿನ ಲೋಟದಲ್ಲಿರಲಿ.

ಇನ್ನು ಲೋಳೆಸರ. ಮನೆಯ ಹಿತ್ತಲಿನಲ್ಲಿ ಕುಂಡದಲ್ಲಿ ಬೆಳೆಯುವ ಈ ಗಿಡದ ಒಳತಿರುಳು ತಂಪು, ತೇವ ಎರಡನ್ನೂ ಕೊಡುತ್ತದೆ; ಗಾಯವನ್ನು ಬೇಗ ಮಾಯಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರಗಳಿಲ್ಲದಿದ್ದರೂ ಉರಿ ತಣಿಸುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಆದರೆ ಅದನ್ನು ತೆಗೆಯುವ ಕ್ರಮವನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಎಲೆಯನ್ನು ಕತ್ತರಿಸಿದೊಡನೆ ಸಿಪ್ಪೆಯ ಒಳಗಿನಿಂದ ಹಳದಿ ಬಣ್ಣದ ಕಹಿರಸವೊಂದು ಒಸರುತ್ತದೆ. ಅದು ಚರ್ಮಕ್ಕೆ ತುರಿಕೆ ತರಬಲ್ಲದು. ಕತ್ತರಿಸಿದ ಎಲೆಯನ್ನು ಬುಡ ಕೆಳಗಾಗಿ ಒಂದು ಬಟ್ಟಲಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಆ ರಸವನ್ನು ಪೂರ್ತಿ ಇಳಿಯಲು ಬಿಡಬೇಕು, ಎರಡೂ ಬದಿಯ ಮುಳ್ಳಿನಂಚನ್ನು ಮತ್ತು ಹಸಿರು ಸಿಪ್ಪೆಯನ್ನು ಹೆರೆದು ತೆಗೆಯಬೇಕು, ಉಳಿದ ಗಾಜಿನಂಥ ತಿರುಳನ್ನು ಶುದ್ಧ ನೀರಿನಲ್ಲಿ ತೊಳೆಯಬೇಕು. ಮೊದಲು ಮೊಣಕೈಯ ಒಳಭಾಗದಲ್ಲಿ ತುಸು ಹಚ್ಚಿ ನೋಡಿ, ತುರಿಕೆ ಬರದಿದ್ದರೆ ಮಾತ್ರ ಸುಟ್ಟ ಕಡೆ ತೆಳುವಾಗಿ ಸವರಬೇಕು.

ಮೊಸರು ಹಿತವೆನಿಸುವುದು ಅದರ ತಂಪಿನಿಂದ. ತಾಜಾ, ಸಿಹಿಮೊಸರನ್ನು ಗಾಯವಿಲ್ಲದ, ಗುಳ್ಳೆ ಏಳದ ಚರ್ಮದ ಮೇಲೆ ಹತ್ತು ನಿಮಿಷ ಇಟ್ಟು ತಣ್ಣೀರಿನಿಂದ ತೊಳೆಯುವುದಾದರೆ ಅಡ್ಡಿಯಿಲ್ಲ. ಹುಳಿ ಬಂದ ಮೊಸರು ಚುರುಗುಟ್ಟುತ್ತದೆ, ಗುಳ್ಳೆ ಒಡೆದ ಕಡೆ ಹಚ್ಚಿದರೆ ಸೋಂಕಿಗೆ ದಾರಿಯಾಗುತ್ತದೆ. ಸೌತೆಕಾಯಿಯನ್ನು ಚೆನ್ನಾಗಿ ತೊಳೆದು ತುರಿದು ಬಟ್ಟೆಯಲ್ಲಿ ಕಟ್ಟಿ ಇಡಬಹುದು. ಗಂಧವನ್ನು ಸಾಣೆಯ ಮೇಲೆ ತೇಯ್ದು ತೆಳುವಾಗಿ ಹಚ್ಚುವುದು ಹಿಂದಿನಿಂದ ಬಂದದ್ದು, ಆದರೆ ಒಣಗಿದ ಗಂಧ ಚರ್ಮವನ್ನು ಬಿಗಿಯುತ್ತದೆ ಮತ್ತು ಪೊಟ್ಟಣದಲ್ಲಿ ಬರುವ ಗಂಧದ ಪುಡಿಯಲ್ಲಿ ಏನೇನು ಬೆರೆತಿದೆಯೋ ಹೇಳಲಾಗದು. ಮುಲ್ತಾನಿ ಮಿಟ್ಟಿಯಂತೂ ತೇವವನ್ನೇ ಹೀರುವ ಮಣ್ಣು. ತೇವ ಕಳೆದುಕೊಂಡು ಬಳಲಿದ ಚರ್ಮಕ್ಕೆ ಅದು ಸಲ್ಲದು. ಔಷಧ ಅಂಗಡಿಯಲ್ಲಿ ಸಿಗುವ ಕ್ಯಾಲಮೈನ್ ಲೋಷನ್ ಅಗ್ಗವಾದದ್ದು, ಉರಿ ಮತ್ತು ತುರಿಕೆಯನ್ನು ತಗ್ಗಿಸುತ್ತದೆ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಿಂಬೆಹಣ್ಣಿನಲ್ಲಿ, ವಿಶೇಷವಾಗಿ ಅದರ ಸಿಪ್ಪೆಯಲ್ಲಿ, ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿವೆ. ಇವು ಚರ್ಮದ ಮೇಲೆ ಇದ್ದಾಗ ಬಿಸಿಲು ಬಿದ್ದರೆ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಚರ್ಮದ ಜೀವಕೋಶಗಳನ್ನು ಸುಡುತ್ತವೆ. ಗಾಯ ಕಾಣಿಸುವುದು ಒಂದೆರಡು ದಿನಗಳ ನಂತರ. ರಸ ಎಲ್ಲಿ ಹರಿದಿತ್ತೋ ಅಲ್ಲಿಯೇ ಗೆರೆಗೆರೆಯಾಗಿ, ಹನಿಹನಿಯಾಗಿ ಕೆಂಪೇರಿ ಗುಳ್ಳೆಗಳೇಳುತ್ತವೆ. ಅವು ಒಣಗಿದ ಮೇಲೆ ಉಳಿಯುವ ಕಡುಕಂದು ಕಲೆಗಳು ವಾರಗಳಿಂದ ತಿಂಗಳುಗಳವರೆಗೆ ಮಾಸುವುದಿಲ್ಲ. ಮುಖದ ಬಣ್ಣ ತಿಳಿಯಾಗಲೆಂದು ಲಿಂಬೆರಸ ಹಚ್ಚಿಕೊಂಡು ಕೈತೋಟದಲ್ಲಿ ಕುಳಿತಿದ್ದ ಒಬ್ಬ ಕಾಲೇಜು ಹುಡುಗಿಯ ಕೆನ್ನೆಯಿಂದ ಗದ್ದದವರೆಗೆ ಇಳಿದಿದ್ದ ಅಂಥ ಗೆರೆಗಳನ್ನು ಕಂಡು ಅವಳ ತಾಯಿ, ಯಾರೋ ಆಸಿಡ್ ಎರಚಿದ್ದಾರೆಂದು ಗಾಬರಿಯಾಗಿ ಅವಳನ್ನು ಕೇಂದ್ರಕ್ಕೆ ಕರೆತಂದಿದ್ದರು. ಆ ಮಗು ಮುಂದಿನ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿತು. ಜಾತ್ರೆಯಲ್ಲಿ ದಿನವಿಡೀ ಲಿಂಬೆ ಹಿಂಡಿ ಶರಬತ್ತು ಮಾರುವವರೂ ಬಿಸಿಲಿಗೆ ಹೋಗುವ ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು.

ತೊನ್ನಿನ ಚಿಕಿತ್ಸೆಗೆಂದು ಹಳ್ಳಿಗಳಲ್ಲಿ ಬಳಸುವ ಬಾವಂಚಿ ಬೀಜದಲ್ಲಿಯೂ ಇದೇ ಗುಂಪಿಗೆ ಸೇರಿದ ಸೋರಲೆನ್ ಎಂಬ ವಸ್ತುವಿದೆ. ವೈದ್ಯರು ಅದನ್ನು ಪ್ರಮಾಣ ನೋಡಿ, ಬಿಸಿಲಿನ ಅವಧಿಯನ್ನು ನಿಮಿಷಗಳಲ್ಲಿ ಅಳೆದು ಬಳಸುತ್ತಾರೆ. ಕೇಳಿದವರ ಮಾತಿನಿಂದ ಅದನ್ನು ಅರೆದು ಹಚ್ಚಿಕೊಂಡು ಹೊಲಕ್ಕೆ ಹೋದವರ ಚರ್ಮ ಬೊಬ್ಬೆಯೆದ್ದು ಸುಲಿದುಹೋಗುತ್ತದೆ. ತೊನ್ನು ಇರುವವರ ಬಿಳಿ ಮಚ್ಚೆಗಳಲ್ಲಿ ಮೆಲನಿನ್ ಇಲ್ಲದಿರುವುದರಿಂದ ಸಾಮಾನ್ಯ ಬಿಸಿಲಿಗೂ ಅವು ಬೇಗ ಸುಡುತ್ತವೆ. ಬಟ್ಟೆ ಮತ್ತು ಸನ್‌ಸ್ಕ್ರೀನ್ ಬೇರೆಯವರಿಗಿಂತ ಅವರಿಗೆ ಹೆಚ್ಚು ಅಗತ್ಯ. ಸನ್‌ಸ್ಕ್ರೀನಿಗೆ ಹಣ ಖರ್ಚು ಮಾಡಲೇಬೇಕಾದವರು ಯಾರೆಂದು ನನ್ನನ್ನು ಕೇಳಿದರೆ ಮೊದಲು ಇವರ ಹೆಸರನ್ನೇ ಹೇಳುತ್ತೇನೆ.

ಸುಟ್ಟ ಮೊದಲ ದಿನವೇ ತುಪ್ಪ, ಬೆಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆಗಳನ್ನು ದಪ್ಪವಾಗಿ ಬಳಿಯುವುದೂ ಸರಿಯಲ್ಲ, ಅವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ. ಉರಿಯೆಲ್ಲ ಇಳಿದು, ಚರ್ಮ ಒಣಗಿ ಸಿಪ್ಪೆ ಏಳುವ ಹಂತದಲ್ಲಿ ತುಸು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನನ್ನೋ ಸವರಬಹುದು. ಏಳುತ್ತಿರುವ ಸಿಪ್ಪೆಯನ್ನು ಕೀಳಬಾರದು, ಕಡಲೆಹಿಟ್ಟಿನಿಂದಾಗಲಿ ಸಕ್ಕರೆಯಿಂದಾಗಲಿ ತಿಕ್ಕಬಾರದು. ಅಡಿಯ ಹೊಸ ಚರ್ಮ ಇನ್ನೂ ಎಳೆಯದಾಗಿರುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾಗಳನ್ನು ಮೈಗೆ ಹಚ್ಚುವ ಮಾತೇ ಬೇಡ. ಇವೆಲ್ಲಕ್ಕಿಂತ ನನ್ನನ್ನು ಚಿಂತೆಗೀಡುಮಾಡುವುದು, ಬಿಸಿಲಿಗೆ ಕಪ್ಪಾದುದಕ್ಕೆಂದು ಔಷಧ ಅಂಗಡಿಯಿಂದ ಕೇಳಿ ತರುವ ಸ್ಟೀರಾಯ್ಡ್ ಮಿಶ್ರಿತ ಕ್ರೀಮುಗಳು. 2018ರಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಅವು ಕೇಳಿದವರಿಗೆ ಸಿಗುತ್ತಿವೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಅದೇ ಮುಖವು ನಂತರ ಸಣ್ಣ ಬಿಸಿಲನ್ನೂ ತಾಳಲಾರದಂತಾಗುತ್ತದೆ.

ಯುಗಾದಿಗೆ ಮುನ್ನ ನಮ್ಮ ರಸ್ತೆಗಳಲ್ಲಿ ಸಾಗುವ ಶ್ರೀಶೈಲದ ಪಾದಯಾತ್ರಿಗಳ ವಿಷಯವನ್ನು ಹೇಳದೆ ಪತ್ರವನ್ನು ಮುಗಿಸಲಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಗಳಿಂದ ಮಲ್ಲಯ್ಯನ ಕಂಬಿ ಹೊತ್ತು ಬರಿಗಾಲಿನಲ್ಲಿ ಬರುವ ಇವರಿಗೆ ದಾರಿಯುದ್ದಕ್ಕೂ ಹಳ್ಳಿಗಳವರು ಮಜ್ಜಿಗೆ, ಅನ್ನ, ನೆರಳು ಕೊಟ್ಟು, ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ಆ ಸೇವೆಯ ಭಾವಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪಾದದ ಅಡಿಯಲ್ಲಿ ಏಳುವ ಬೊಬ್ಬೆಗಳು ಕಾದ ಡಾಂಬರಿನಿಂದ ಮತ್ತು ಉಜ್ಜಾಟದಿಂದ ಆದವು, ಕತ್ತು ಹಾಗೂ ಹೆಗಲ ಉರಿ ಬಿಸಿಲಿನಿಂದ ಆದದ್ದು. ಎರಡಕ್ಕೂ ಮೊದಲು ಬೇಕಾದುದು ತಣ್ಣೀರು, ಎಣ್ಣೆಯಲ್ಲ. ಬೊಬ್ಬೆಯನ್ನು ಸೂಜಿಯಿಂದ ಚುಚ್ಚಿ ದಾರ ಪೋಣಿಸುವ ರೂಢಿಯನ್ನು ಬಿಡಿಸಲು ನಾವು ಬಹಳ ಹೆಣಗಿದ್ದೇವೆ. ಒಡೆಯದ ಬೊಬ್ಬೆಯ ಚರ್ಮವೇ ಅಡಿಯ ಗಾಯಕ್ಕೆ ಹೊದಿಕೆ. ತಾನಾಗಿ ಒಡೆದರೆ ಶುದ್ಧ ನೀರಿನಿಂದ ತೊಳೆದು, ಹಗುರವಾಗಿ ಬಟ್ಟೆ ಕಟ್ಟಿದರೆ ಸಾಕು. ಅರವಟ್ಟಿಗೆ ನಡೆಸುವ ಸಂಘದವರು ಒಂದು ಹರವಿ ನೀರನ್ನು ಕುಡಿಯಲು ಇಟ್ಟರೆ ಇನ್ನೊಂದನ್ನು ಬಟ್ಟೆ ಅದ್ದಲು ಇಡಲಿ ಎಂದು ಕೋರುತ್ತೇನೆ. ಬೆಳಿಗ್ಗೆ ಬೇಗ ನಡೆದು, ಹೊತ್ತೇರಿದ ಮೇಲೆ ಮರದಡಿ ತಂಗಿ, ಇಳಿಹೊತ್ತಿನಲ್ಲಿ ಮತ್ತೆ ಹೊರಡುವ ಹಳೆಯ ಯಾತ್ರಿಕರ ಕ್ರಮವನ್ನು, ಬೇಗ ತಲುಪುವ ಅವಸರದ ಹೊಸ ತಲೆಮಾರಿನವರು ಮುರಿಯದಿರಲಿ.

ಮನೆಮದ್ದಿನಿಂದ ನಿಭಾಯಿಸಲಾಗದ ಸ್ಥಿತಿಗಳೂ ಇವೆ. ಅಂಗೈಗಿಂತ ಬಹಳ ಅಗಲಕ್ಕೆ ಗುಳ್ಳೆಗಳೆದ್ದರೆ, ಜ್ವರ ಮತ್ತು ಚಳಿ ಬಂದರೆ, ಗಾಯದಲ್ಲಿ ಕೀವು ಕಂಡರೆ, ಕಣ್ಣಿನಲ್ಲಿ ನೋವಿದ್ದು ಬೆಳಕು ನೋಡಲಾಗದಿದ್ದರೆ, ಒಂದು ವರ್ಷದೊಳಗಿನ ಕೂಸಿನ ಮೈ ಸುಟ್ಟಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಮುಂತಾದ ಕೆಲವು ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಈ ಸಂಗತಿಯನ್ನು ತಿಳಿಸಬೇಕು. ಬಿಸಿಲಿನಲ್ಲಿದ್ದವರು ತಡವರಿಸಿ ಮಾತನಾಡತೊಡಗಿದರೆ, ಗೊಂದಲಕ್ಕೊಳಗಾದರೆ, ಎಚ್ಚರ ತಪ್ಪಿದರೆ ಅದು ಚರ್ಮ ಸುಟ್ಟ ಮಾತಲ್ಲ, ಬಿಸಿಲಾಘಾತ. ಕೂಡಲೇ 108ಕ್ಕೆ ಕರೆ ಮಾಡಿ, ನೆರಳಿಗೆ ಸಾಗಿಸಿ, ಮೈಯೆಲ್ಲ ನೀರಿನಿಂದ ತೋಯಿಸಿ ಗಾಳಿ ಬೀಸುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ತಮ್ಮ ಪತ್ರಿಕೆಗೆ ನನ್ನ ವಿನಂತಿ ಎರಡು. ಹವಾಮಾನದ ಪುಟ್ಟ ಪೆಟ್ಟಿಗೆಯಲ್ಲಿ ಗರಿಷ್ಠ, ಕನಿಷ್ಠ ಉಷ್ಣಾಂಶಗಳ ಪಕ್ಕದಲ್ಲಿ ಯುವಿ ಸೂಚ್ಯಂಕವನ್ನೂ, ಅಂದರೆ ನೇರಳಾತೀತ ಕಿರಣಗಳ ತೀವ್ರತೆಯ ಅಳತೆಯನ್ನೂ, ಮುದ್ರಿಸಿ. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8ರಿಂದ 10 ಅತಿ ಹೆಚ್ಚು, 11 ಮತ್ತು ಅದಕ್ಕಿಂತ ಮೇಲಿನದು ವಿಪರೀತ ಎಂದು ಒಂದು ಸಾಲು ಸೇರಿಸಿದರೆ ಓದುಗರಿಗೆ ಅರ್ಥವಾಗುತ್ತದೆ. ಮೊಬೈಲಿನ ಹವಾಮಾನ ಆ್ಯಪ್‌ಗಳು ಈಗಾಗಲೇ ಇದನ್ನು ತೋರಿಸುತ್ತಿವೆ. ಎರಡನೆಯದಾಗಿ, ಚರ್ಮಕ್ಕೆ ಹಚ್ಚುವ ಮನೆಮದ್ದಿನ ಬರಹಗಳನ್ನು ಪ್ರಕಟಿಸುವ ಮೊದಲು ಒಬ್ಬ ಚರ್ಮವೈದ್ಯರಿಗೆ ತೋರಿಸಿ, ಲಿಂಬೆರಸವಿರುವ ಯಾವುದೇ ಲೇಪವನ್ನು ಆ ಪುಟಗಳಿಂದ ಕೈಬಿಡಿ.

ಜಿಲ್ಲಾ ಪಂಚಾಯಿತಿಗಳ ಅಧಿಕಾರಿಗಳಿಗೂ ಈ ಅಂಕಣದ ಮೂಲಕ ಒಂದು ಮಾತು ತಲುಪಲಿ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ವಿಶ್ರಾಂತಿಗೆ ಮತ್ತು ಮಕ್ಕಳಿಗೆ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲಿಯೇ ಬರೆದಿತ್ತು. ಕೆರೆಯ ಹೂಳೆತ್ತುವ ಕೆಲಸದಲ್ಲಿ ಮರವೇ ಇಲ್ಲದ ಬಯಲಿನಲ್ಲಿ ಹೆಂಗಸರು ತಮ್ಮ ಸೀರೆಯನ್ನೇ ನಾಲ್ಕು ಕೋಲಿಗೆ ಕಟ್ಟಿ ಕೂಸುಗಳನ್ನು ಮಲಗಿಸಿದ್ದನ್ನು ನಾನು ಕಂಡಿದ್ದೇನೆ. ಈ ಬೇಸಿಗೆಯ ಕಾಮಗಾರಿಗಳು ಆರಂಭವಾಗುವ ಮೊದಲೇ ಪ್ರತಿ ಸ್ಥಳಕ್ಕೂ ದಪ್ಪ ತಾಡಪತ್ರಿಯ ಚಪ್ಪರ, ಎರಡು ಹರವಿ ನೀರು, ಹಾಗೂ ಪೆಟ್ಟಿಗೆಯಲ್ಲಿ ಓಆರ್‌ಎಸ್ ಪೊಟ್ಟಣ, ಕ್ಯಾಲಮೈನ್ ಮತ್ತು ಒಗೆದ ಹತ್ತಿ ಬಟ್ಟೆ ತಲುಪುವಂತೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ,
ರಾಯಚೂರು ಜಿಲ್ಲೆ